ಕಲ್ಲಿಲಿಯ ಬಾಗಿಲು

ಕಟ್ಟೆಮಳಲವಾಡಿಯಲ್ಲಿ ನಮ್ಮ ಜಮೀನು ಎರಡು ಕಡೆ ಇದೆ. ಲಕ್ಷ್ಮಣತೀರ್ಥದ ಕಟ್ಟೆಯಿಂದ ಬರುವ ನಾಲೆಯ ಕೆಳಗೆ ಒಂದೂವರೆ ಎಕರೆ ಗದ್ದೆ, ಊರಿನ ಮೇಲ್ಭಾಗದಲ್ಲಿ ಮೂರು ಎಕರೆ ಕೆಂಪುಮಣ್ಣಿನ ಹೊಲ. ಹೊಲಕ್ಕೆ ಮುಂಗಾರಿನಲ್ಲಿ ಹೊಗೆಸೊಪ್ಪು, ಸೊಪ್ಪು ಮುರಿದ ಮೇಲೆ ರಾಗಿ, ಇಲ್ಲವೇ ಹುರುಳಿ. ಎರಡರ ನಡುವೆ ಒಂದು ಮೈಲಿಯೂ ಇಲ್ಲ. ಆದರೆ ಅಲ್ಲಿ ಬಿಲ ತೋಡುವ ಜೀವವೇ ಬೇರೆ, ಇಲ್ಲಿ ತೋಡುವ ಜೀವವೇ ಬೇರೆ. ಇದನ್ನು ತಿಳಿಯಲು ನನಗೆ ಬೇಸಾಯದ ಹನ್ನೆರಡು ವರ್ಷ ಬೇಕಾಯಿತು.

ಆ ವರ್ಷ ಭತ್ತ ಹೊಡೆ ಬಿಚ್ಚುವ ಹೊತ್ತಿಗೆ ಗದ್ದೆಯ ನಡುವೆ ಚಾಪೆ ಹಾಸಿದಷ್ಟು ಜಾಗ ಮಲಗಿತ್ತು. ಬುಡದಲ್ಲಿ ಕುಡುಗೋಲು ಓರೆಯಾಗಿ ಆಡಿಸಿದ ಹಾಗೆ ಕತ್ತರಿಸಿದ ಗುರುತು. ಸಿಟ್ಟಿನಲ್ಲಿ ಅಂಗಡಿಗೆ ಹೋಗಿ ಜಿಂಕ್ ಫಾಸ್ಫೈಡ್ ತಂದೆ, ಮನೆಗೆಂದು ಬ್ರೋಮಡಿಯೋಲೋನ್ ಬಿಲ್ಲೆಯನ್ನೂ ತಂದೆ. ಯಾವ ಬಿಲ, ಯಾರ ಬಿಲ ಎಂದು ನೋಡಲಿಲ್ಲ. ಗದ್ದೆ ಬದು, ಹೊಲದ ಬದು, ಬೇಲಿ ಬುಡ, ಹಿತ್ತಲು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಮೂಲೆ, ಅಟ್ಟ, ಕಂಡ ಕಡೆಯೆಲ್ಲ ಹಾಕಿದೆ.

ಗದ್ದೆಯ ಹೆಗ್ಗಣಗಳು ಮೊದಲ ರಾತ್ರಿ ರುಚಿ ನೋಡಿದವು, ಕೆಲವು ಸತ್ತವು. ಉಳಿದವು ಆಮೇಲೆ ಆ ವಿಷದ ನುಚ್ಚನ್ನು ಮೂಸಲೂ ಇಲ್ಲ. ಹೊಸ ತಿನಿಸನ್ನು ಹೆಗ್ಗಣ ಮೊದಲು ಚೂರೇ ತಿನ್ನುತ್ತದೆ, ಹೊಟ್ಟೆ ಕೆಟ್ಟರೆ ಮತ್ತೆ ಮುಟ್ಟುವುದಿಲ್ಲ. ಹೊಲದ ಬದುವಿನಲ್ಲಿ ಮಾತ್ರ ಬೆಳಗ್ಗೆ ಹತ್ತಾರು ಚಿಕ್ಕ ಇಲಿಗಳು ಬಿದ್ದಿದ್ದವು. ಬೆರಳುದ್ದದ ಮೈ, ಬಿಳಿ ಹೊಟ್ಟೆ, ಬೆನ್ನ ಮೇಲೆ ಮುಟ್ಟಿದರೆ ಚುಚ್ಚುವ ಒರಟು ಕೂದಲು. ಅವು ನನ್ನ ಭತ್ತವನ್ನು ಕಂಡವೇ ಅಲ್ಲ. ವಾರ ಕಳೆದ ಮೇಲೆ ಬ್ಯಾರನ್ನಿನಲ್ಲಿ ವರ್ಷಗಳಿಂದ ಮರಿ ಮಾಡುತ್ತಿದ್ದ ಕಣಜ ಗೂಬೆ ನೆಲಕ್ಕೆ ಬಿದ್ದಿತ್ತು. ಅದನ್ನು ಕೊಯ್ದು ಪರೀಕ್ಷೆ ಮಾಡಿದವರಿಲ್ಲ. ಆದರೆ ಬ್ರೋಮಡಿಯೋಲೋನ್ ರಕ್ತ ಹೆಪ್ಪುಗಟ್ಟದಂತೆ ಮಾಡಿ ಇಲಿಯನ್ನು ನಿಧಾನಕ್ಕೆ ಕೊಲ್ಲುತ್ತದೆ, ಸಾಯುವ ಮೊದಲು ತೂರಾಡುವ ಇಲಿಯನ್ನು ತಿಂದ ಹಕ್ಕಿಯ ಮೈಗೂ ಸೇರುತ್ತದೆ. ಆ ಗೂಬೆಯ ಸಾವು ನನ್ನ ಕೈಯಿಂದ ಆದದ್ದು ಎಂದೇ ನಾನು ನಂಬಿದ್ದೇನೆ.

ಸತ್ತ ಚಿಕ್ಕ ಇಲಿಯನ್ನು ದೊಡ್ಡಪ್ಪನಿಗೆ ತೋರಿಸಿದೆ. ಅವರು ಬದುವಿನ ಓರೆಗೆ ಕರೆದುಕೊಂಡು ಹೋಗಿ ಕುಕ್ಕರಗಾಲಲ್ಲಿ ಕೂತರು. ಬಿಲದ ಬಾಯಲ್ಲಿ ಸಣ್ಣ ಸಣ್ಣ ಹರಳುಕಲ್ಲು, ಯಾರೋ ಆರಿಸಿ ತಂದು ಜೋಡಿಸಿದ ಹಾಗೆ.

"ಇದು ಕಲ್ಲಿಲಿ ಕಣ್ ಮಗ. ಬಾಗ್ಲು ಮುಚ್ಚದೆ ಅಂದ್ರೆ ಒಳಗದೆ ಅಂತ. ಇದ್ಯಾಕೆ ಸಾಯಿಸ್ದೆ?"

ನಾನು ಹುಟ್ಟಿ ಬೆಳೆದ ಹೊಲ. ಆ ಹರಳುಗಳನ್ನು ನೂರು ಸಲ ತುಳಿದಿದ್ದೇನೆ.

ಮೈಸೂರಿನಲ್ಲಿ ಓದುತ್ತಿದ್ದ ಮಗಳಿಗೆ ಇದನ್ನು ಹೇಳಿದಾಗ ಅವಳು ಹಳೆಯ ಪುಸ್ತಕಗಳನ್ನು ಹುಡುಕಿ ತಂದಳು. ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಧಾರವಾಡ ಸೀಮೆಯ ಪ್ರಾಣಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದ್ದಾನೆ. ಇದೇ ಇಲಿ, ಇದೇ ಕೆಂಪು ಗರಸು ಮಣ್ಣು, ಒಳಗಿದ್ದಾಗ ಹರಳಿನಿಂದ ಮುಚ್ಚುವ ಇದೇ ಬಾಗಿಲು, ಎಲ್ಲವೂ ಅದರಲ್ಲಿ ಇದೆ. 1867ರಲ್ಲಿ ಬಂದ, ಜೆರ್ಡನ್ ಎಂಬಾತನ ಪ್ರಾಣಿಗಳ ಪುಸ್ತಕದಲ್ಲಿ ಅದರ ಕನ್ನಡ ಹೆಸರೂ ಇದೆ: ಕಲ್ಲಿಲಿ. ಗದ್ದೆಯ ಹೆಗ್ಗಣಕ್ಕೆ ಕೋಕ್, ಬೇಲಿಯ ಹುಲ್ಲಿನಲ್ಲಿ ದಾರಿ ಮಾಡಿಕೊಂಡು ಓಡಾಡುವ ಪೊದೆ ಇಲಿಗೆ ಗುಲಂಡಿ. ಈ ಗುಲಂಡಿ ಲಂಡನ್ನಿಗೆ ಹೋಗಿ 1837ರಲ್ಲಿ ಗೊಲುಂಡ ಎಂಬ ವೈಜ್ಞಾನಿಕ ಹೆಸರಾಯಿತು, ಜಗತ್ತು ಇಂದಿಗೂ ಅದನ್ನು ಹಾಗೆಯೇ ಕರೆಯುತ್ತದೆ. ಮಣ್ಣು ಅಗೆಯುವ ಒಡ್ಡ ಜನ ಹೇಳಿಕೊಟ್ಟ ಹೆಸರುಗಳನ್ನೂ ಎಲಿಯಟ್ ಬರೆದುಕೊಂಡಿದ್ದ. ಇಷ್ಟು ಹೆಸರಿದ್ದ ನುಡಿಯಲ್ಲಿ ನಾನು ಎಲ್ಲವನ್ನೂ ಇಲಿ ಎಂದೇ ಕರೆಯುತ್ತಿದ್ದೆ.

ಅದೇ ಪಟ್ಟಿಯ ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಎರೆಭೂಮಿಯ ಬಿರುಕುಗಳಲ್ಲಿ ಬದುಕುವ ಮೆತ್ತನೆ ಕೂದಲಿನ ಇಲಿಯೊಂದಿದೆ. ಪ್ರತಿ ವರ್ಷ ಮುಂಗಾರಿನ ಮೊದಲ ದೊಡ್ಡ ಮಳೆಗೆ ಬಿರುಕು ತುಂಬಿ ಅವುಗಳಲ್ಲಿ ಬಹಳಷ್ಟು ಸಾಯುತ್ತವೆ. 1826ರಲ್ಲಿ ಮುಂಗಾರು ಕೈಕೊಟ್ಟಿತು, ಇಲಿ ಸಾಯಲಿಲ್ಲ, ಬಿತ್ತಿದ ಬೀಜವನ್ನೇ ಹೆಕ್ಕಿ ತಿನ್ನುವಷ್ಟು ಹೆಚ್ಚಿತು. ರೈತರು ಇಷ್ಟು ಇಲಿಗೆ ಇಷ್ಟು ಅಳತೆ ಕಾಳು ಎಂದು ಕೊಟ್ಟು ಒಡ್ಡರಿಂದ ಸಾವಿರಾರು ಇಲಿ ಕೊಲ್ಲಿಸಬೇಕಾಯಿತು. ಯಾವ ಇಲಿಯನ್ನು ಯಾವುದು ಹದ್ದುಬಸ್ತಿನಲ್ಲಿಡುತ್ತದೆ ಎನ್ನುವುದು ನೆಲದಿಂದ ನೆಲಕ್ಕೆ ಬೇರೆ. ಒಂದು ಕಡೆ ಮಳೆ, ಒಂದು ಕಡೆ ಗೂಬೆ, ಇನ್ನೊಂದು ಕಡೆ ಮುಂಗುಸಿ ಮತ್ತು ಕೇರೆಹಾವು.

ಹಿತ್ತಲಿನ ಸೊಂಡಿಲಿಯಂತೂ ಇಲಿಯ ಜಾತಿಯೇ ಅಲ್ಲ. ಅದು ಹುಳು ಹುಪ್ಪಟೆ, ಜಿರಳೆ ತಿಂದು ಬದುಕುವ ಬೇರೆಯೇ ಕುಲ. ಮರಿಗಳು ಒಂದರ ಬೆನ್ನಿಗೊಂದು ಕಚ್ಚಿ ಹಿಡಿದು ತಾಯಿಯ ಹಿಂದೆ ಸಾಲಾಗಿ ಹೋಗುವುದನ್ನು ಈಗ ನಾವು ಮನೆಮಂದಿಯೆಲ್ಲ ನಿಂತು ನೋಡುತ್ತೇವೆ. ವಾಸನೆಗೆ ಹೆದರಿ ಅದನ್ನು ಹೊಡೆಯುವುದು ಬಿಟ್ಟಿದ್ದೇವೆ. ಅಟ್ಟದಲ್ಲಿ ಮೈಗಿಂತ ಉದ್ದ ಬಾಲದ ಮನೆಯಿಲಿ ಇದೆ, ತೆಂಗಿನ ಎಳನೀರಿಗೆ ತೂತು ಕೊರೆಯುವುದೂ ಅದೇ. ಮರಕ್ಕೆ ಆಳೆತ್ತರದಲ್ಲಿ ಒಂದಡಿ ಅಗಲದ ತಗಡು ಸುತ್ತಿದೆ, ಗರಿ ಒಂದಕ್ಕೊಂದು ತಾಗದ ಮರಗಳಲ್ಲಿ ಕಾಟ ನಿಂತಿತು.

ಗದ್ದೆಯಲ್ಲಿ ಹೆಗ್ಗಣವನ್ನು ಸುಮ್ಮನೆ ಬಿಡು ಎಂದು ಯಾರಿಗೂ ಹೇಳಲಾರೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಎಂಬ ಗಾದೆ ಗದ್ದೆ ಬದು ಅಗೆದವನಿಗೆ ಒಪ್ಪುವುದಿಲ್ಲ. ಒಂದೇ ಬಿಲದಿಂದ ನಾವು ಮೂರು ಸೇರು ಭತ್ತದ ತೆನೆ ತೆಗೆದಿದ್ದೇವೆ. ಆದರೆ ಕೆಲಸದ ಕ್ರಮ ಬದಲಾಯಿತು. ದಪ್ಪ ಬದುಗಳನ್ನು ಕಡಿದು ಒಂದಡಿಗೆ ಇಳಿಸಿದೆವು, ಸಣ್ಣ ಬದುವಿನಲ್ಲಿ ಹೆಗ್ಗಣ ಮನೆ ಮಾಡಲಾರದು. ನಾಲೆಗೆ ನೀರು ಬಿಡುವ ಮೊದಲು ಅಕ್ಕಪಕ್ಕದ ಏಳು ಮನೆಯವರು ಒಂದೇ ವಾರದಲ್ಲಿ ಅಗೆಯುತ್ತೇವೆ, ಒಬ್ಬನೇ ಮಾಡಿದರೆ ಪಕ್ಕದ ಗದ್ದೆಯವು ಬಂದು ತುಂಬಿಕೊಳ್ಳುತ್ತವೆ. ವಿಷ ಹಾಕಲೇಬೇಕಾದರೆ ಸಂಜೆ ಎಲ್ಲ ಬಿಲವನ್ನೂ ಕೆಸರಿನಿಂದ ಮುಚ್ಚಿ, ಬೆಳಗ್ಗೆ ತೆರೆದಿರುವ ಬಿಲಕ್ಕೆ ಮಾತ್ರ ಹಾಕುತ್ತೇವೆ. ಅದಕ್ಕೂ ಮೊದಲು ಎರಡು ದಿನ ವಿಷವಿಲ್ಲದ ನುಚ್ಚು ಇಟ್ಟು ನಂಬಿಕೆ ಹುಟ್ಟಿಸುತ್ತೇವೆ. ರಾತ್ರಿ ಗೂಬೆ ಕೂರಲು ಗದ್ದೆಯಲ್ಲಿ ಅಡ್ಡಪಟ್ಟಿ ಹೊಡೆದ ಗಳು ನೆಟ್ಟಿದ್ದೇವೆ. ಬ್ರೋಮಡಿಯೋಲೋನ್ ಮತ್ತೆ ಮನೆಗೆ ತಂದಿಲ್ಲ.

ನನ್ನನ್ನು ಈಗ ಹೆಚ್ಚು ಚಿಂತೆಗೆ ಹಚ್ಚಿರುವುದು ಬೇಲಿ. ಕಳ್ಳಿ, ಲಂಟಾನ, ಬಂದ್ರೆ ಬೆಳೆದ ಹಳೆಯ ಬೇಲಿಯಲ್ಲಿ ಗುಲಂಡಿ, ಮೊಲ, ಮುಂಗುಸಿ ಎಲ್ಲ ಇದ್ದವು. ಹೊಗೆಸೊಪ್ಪು ಬೇಯಿಸಲು ಸೌದೆ ಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ತಾಲ್ಲೂಕಿನಲ್ಲಿ ಬ್ಯಾರನ್ ಉರಿದ ಹಾಗೆಲ್ಲ ಬದುವಿನ ಮರ, ಬೇಲಿಯ ಗಿಡ ಕರಗಿದವು. ಅವುಗಳ ಜಾಗಕ್ಕೆ ತಂತಿ ಬಂತು. ತಂತಿಯ ಕೆಳಗೆ ಯಾವ ಪ್ರಾಣಿಯೂ ಸಂಸಾರ ಮಾಡುವುದಿಲ್ಲ. ಕಾನೂನಿನ ಕಣ್ಣಿಗೂ ಇಲಿಗಳು ಬರೀ ಕಾಟವೇ ಆಗಿದ್ದವು. 1972ರ ವನ್ಯಜೀವಿ ಕಾಯ್ದೆ ಇಲಿ, ಚಿಟ್ಟಿಲಿ, ಹಣ್ಣು ತಿನ್ನುವ ಬಾವಲಿ, ಕಾಗೆಗಳನ್ನು ಒಂದೇ ಗಂಟು ಕಟ್ಟಿ ಪೀಡೆ ಎಂದು ಐದನೇ ಪರಿಶಿಷ್ಟಕ್ಕೆ ಹಾಕಿತ್ತು. 2022ರ ತಿದ್ದುಪಡಿ ಆ ಪರಿಶಿಷ್ಟವನ್ನೇ ತೆಗೆದಿದೆ. ನಮ್ಮ ಮನಸ್ಸಿನಿಂದ ಅದಿನ್ನೂ ಹೋಗಿಲ್ಲ.

ದೊಡ್ಡಪ್ಪ ಈಗಿಲ್ಲ. ಅವರಿಗೆ ಇನ್ನೂ ಎಷ್ಟು ಹೆಸರು ಗೊತ್ತಿದ್ದವೋ, ನಾನು ಕೇಳಿ ಬರೆದುಕೊಂಡದ್ದು ಆರೇ ಆರು. ನಿಮ್ಮ ಮನೆಯಲ್ಲಿ ಹೊಲ ಉತ್ತ ಹಿರಿಯರಿದ್ದರೆ ಈ ಸುಗ್ಗಿಯಲ್ಲೇ ಅವರನ್ನು ಬದುವಿಗೆ ಕರೆದುಕೊಂಡು ಹೋಗಿ, ಒಂದೊಂದು ಬಿಲವನ್ನೂ ತೋರಿಸಿ ಅದು ಯಾರದೆಂದು ಕೇಳಿ, ಅವರು ಹೇಳಿದ ಹೆಸರನ್ನು ಹಾಗೆಯೇ ಬರೆದಿಡಿ. ಬಿಲದ ಬಾಯಿಗೆ ಹರಳುಕಲ್ಲು ಇಟ್ಟಿದ್ದರೆ ದಯವಿಟ್ಟು ಅದಕ್ಕೆ ವಿಷ ಹಾಕಬೇಡಿ.