ಒಂದು ಬಟ್ಟಲು ಚಹದಲ್ಲಿ ಕೋಲಾರದ ನೀರು

ಮಧ್ಯಾಹ್ನದ ಊಟ ಮುಗಿದು, ರಾತ್ರಿಯ ಊಟಕ್ಕೆ ಇನ್ನೂ ಬಹಳ ಹೊತ್ತಿರುವಾಗ, ಸಂಜೆ ನಾಲ್ಕರ ಸುಮಾರಿಗೆ ಚಹ ಸೇವಿಸುವ ಪದ್ಧತಿಯು ಇಂಗ್ಲೆಂಡಿನ ಸಿರಿವಂತರ ಹಳ್ಳಿಯ ಬಂಗಲೆಗಳಲ್ಲಿ 1840ರ ಸುಮಾರಿಗೆ ರೂಢಿಗೆ ಬಂದಿತು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಕೋಲಾರದ ಚಿನ್ನದ ಗಣಿಗಳಲ್ಲಿ ಕೆಲಸವನ್ನು ಆರಂಭಿಸಿದ ಮೇಲೆ ಅಲ್ಲಿ ಆಂಗ್ಲ ಅಧಿಕಾರಿಗಳ ಬಂಗಲೆಗಳೂ ಕ್ಲಬ್ಬೂ ಎದ್ದವು. ಅವರ ಸಂಜೆಯ ಚಹವೂ ಅವರೊಡನೆ ಬಂದಿತು. 2001ರಲ್ಲಿ ಗಣಿ ಮುಚ್ಚಿತು. ಆದರೆ ನಾಲ್ಕು ಗಂಟೆಯ ಚಹ ಮಾತ್ರ ನಿಲ್ಲಲಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಯಾವ ಹೋಟೆಲಿಗೆ ಹೋದರೂ ಆ ಹೊತ್ತಿಗೆ ಚಹದ ಪಾತ್ರೆ ಒಲೆಯ ಮೇಲಿರುತ್ತದೆ. ಆ ಪಾತ್ರೆಯೊಳಗೆ ನಡೆಯುವುದೇನೆಂಬುದನ್ನು ಈಗ ವಿಚಾರಿಸೋಣ.

ಮೊದಲು ಕುದಿಯುವ ನೀರನ್ನೇ ತೆಗೆದುಕೊಳ್ಳೋಣ. ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆಂದು ನಾವು ಓದಿದ್ದೇವೆ. ಅದು ಸಮುದ್ರಮಟ್ಟದ ಮಾತು. ಕೋಲಾರದ ನೆಲವು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಎತ್ತರಕ್ಕೆ ಹೋದಷ್ಟೂ ವಾಯುಭಾರವು ಕಡಮೆಯಾಗುವುದರಿಂದ, ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಕುದಿಬಿಂದುವೂ ಇಳಿಯುತ್ತದೆ. ಆದುದರಿಂದ ಇಲ್ಲಿ ನೀರು 97 ಡಿಗ್ರಿಯ ಸುಮಾರಿನಲ್ಲಿಯೇ ಕುದಿಯುತ್ತದೆ. ಚಹದ ಸೊಪ್ಪಿನ ರಸವಿಳಿಯಲು ಈ ಉಷ್ಣತೆ ಧಾರಾಳವಾಗಿ ಸಾಕು.

ಇನ್ನು ನೀರಿನ ಗುಣ. ಇದಕ್ಕೊಂದು ಸುಲಭವಾದ ಪ್ರಯೋಗವುಂಟು. ಮೂರು ಬಟ್ಟಲುಗಳಲ್ಲಿ ಹಾಲಿಲ್ಲದ ಚಹವನ್ನು ಸಿದ್ಧಪಡಿಸಿರಿ. ಮೊದಲನೆಯದಕ್ಕೆ ಮಳೆಯ ನೀರು, ಎರಡನೆಯದಕ್ಕೆ ಗಡಸು ನೀರು, ಮೂರನೆಯದಕ್ಕೆ ಅದೇ ಗಡಸು ನೀರಿನೊಡನೆ ಕೆಲವು ಹನಿ ನಿಂಬೆಯ ರಸ. ಅರ್ಧ ಗಂಟೆ ಕಳೆದ ಮೇಲೆ ನೋಡಿದರೆ ಎರಡನೆಯ ಬಟ್ಟಲಿನ ಮೇಲೆ ಮಾತ್ರ ತೆಳುವಾದ, ಎಣ್ಣೆಯಂತೆ ಹೊಳೆಯುವ ಪೊರೆಯೊಂದು ಕಾಣುತ್ತದೆ. ಅದು ಎಣ್ಣೆಯಲ್ಲ. ಚಹಕ್ಕೆ ಒಗರನ್ನು ಕೊಡುವ ಪಾಲಿಫಿನಾಲುಗಳೆಂಬ ವಸ್ತುಗಳು ಗಾಳಿಯ ಆಮ್ಲಜನಕದೊಡನೆ ಸಂಯೋಗ ಹೊಂದುವಾಗ, ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟುಗಳ ನೆರವಿನಿಂದ ಈ ಪೊರೆ ಕಟ್ಟುತ್ತದೆ. ನಿಂಬೆಯ ಆಮ್ಲವು ಬೈಕಾರ್ಬೊನೇಟನ್ನು ನಾಶಮಾಡಿ, ಕ್ಯಾಲ್ಸಿಯಮನ್ನು ಹಿಡಿದಿಡುವುದರಿಂದ ಮೂರನೆಯ ಬಟ್ಟಲು ತಿಳಿಯಾಗಿಯೇ ಉಳಿಯುತ್ತದೆ.

ಹಾಗಾದರೆ ಪೊರೆ ಕಟ್ಟದ ನೀರೆಲ್ಲ ಒಳ್ಳೆಯ ನೀರೆನ್ನಬಹುದೆ? ಇಲ್ಲಿಯೇ ನಾವು ಎಚ್ಚರದಿಂದಿರಬೇಕು.

ಕೋಲಾರದ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಹಿಂದಿನವರು ಕೆರೆಗಳನ್ನು ಕಟ್ಟಿ ಬಾಳಿದರು. ಈಚಿನ ದಶಕಗಳಲ್ಲಿ ಜನರು ಕೊಳವೆ ಬಾವಿಗಳನ್ನು ನೆಚ್ಚಿದರು. ಅವುಗಳಲ್ಲಿ ಅನೇಕವು ಸಾವಿರ ಅಡಿಗೂ ಆಳವಾಗಿವೆ. ಅಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಕೆಲವು ಖನಿಜಗಳಲ್ಲಿ ಫ್ಲೋರಿನ್ ಅಡಗಿದೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಫ್ಲೋರೈಡಿನ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿದ್ದರೆ ಅದು ಫ್ಲೋರೈಡಿನೊಡನೆ ಕೂಡಿ, ಸುಲಭವಾಗಿ ಕರಗದ ಲವಣವಾಗಿ ತಳಕ್ಕಿಳಿಯುತ್ತದೆ. ಆದುದರಿಂದ ಕ್ಯಾಲ್ಸಿಯಂ ಕಡಮೆಯಿರುವ ಆಳದ ನೀರಿನಲ್ಲಿಯೇ ಫ್ಲೋರೈಡು ಹೆಚ್ಚಾಗಿರುವುದುಂಟು. ಅಂತಹ ನೀರಿನ ಚಹದಲ್ಲಿ ಪೊರೆಯೂ ಕಡಮೆ! ಕಣ್ಣಿಗೆ ಚೆಲುವಾಗಿ ಕಂಡ ಬಟ್ಟಲೇ ಹೆಚ್ಚು ಸಂಶಯಕ್ಕೆ ಪಾತ್ರವಾದುದಾಗಿರಬಹುದು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪರೀಕ್ಷೆಯಿಂದಲ್ಲದೆ ಅದನ್ನು ತಿಳಿಯಲಾಗದು.

ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಫ್ಲೋರೈಡು ಮಾತ್ರ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣವು ಏರುತ್ತದೆ. ಸಾಲದುದಕ್ಕೆ, ಚಹದ ಗಿಡವೂ ಮಣ್ಣಿನಿಂದ ಫ್ಲೋರೈಡನ್ನು ಹೀರಿ ಎಲೆಗಳಲ್ಲಿ ಕೂಡಿಡುತ್ತದೆ.

ಒಂದು ಲೆಕ್ಕವನ್ನು ನೋಡೋಣ. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಗೊತ್ತುಮಾಡಿದೆ. ಈ ಜಿಲ್ಲೆಯ ಅನೇಕ ಹಳ್ಳಿಗಳ ನೀರು ಈ ಮಿತಿಯನ್ನು ದಾಟಿದೆ. ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ ಎರಡು ಲೀಟರಿನಂತೆ ಕುಡಿದರೆ ದೇಹಕ್ಕೆ ಸೇರುವುದು 6 ಮಿಲಿಗ್ರಾಂ. ಇದರ ಮೇಲೆ ಅದೇ ನೀರಿನ ನಾಲ್ಕು ಬಟ್ಟಲು ಚಹ. ಬಟ್ಟಲಿಗೆ 150 ಮಿಲಿಲೀಟರಿನಂತೆ ನೀರಿನಿಂದಲೇ 1.8 ಮಿಲಿಗ್ರಾಂ, ಸೊಪ್ಪಿನಿಂದ ಬರುವುದು ಬೇರೆ. ಮೊತ್ತವು 6 ಮಿಲಿಗ್ರಾಮನ್ನು ಮೀರಿ ವರ್ಷಗಟ್ಟಲೆ ಸಾಗಿದರೆ ಎಲುಬುಗಳಿಗೆ ಕೇಡು ತಟ್ಟುವ ಸಂಭವವು ಹೆಚ್ಚುತ್ತದೆ. ಹಲ್ಲುಗಳು ರೂಪುಗೊಳ್ಳುತ್ತಿರುವ ಎಳೆಯ ಮಕ್ಕಳಲ್ಲಿ ಇದಕ್ಕಿಂತ ಬಹಳ ಕಡಮೆ ಪ್ರಮಾಣವೇ ಹಲ್ಲಿನ ಮೇಲೆ ಕಲೆಯನ್ನು ಮೂಡಿಸುತ್ತದೆ. ಒಮ್ಮೆ ಮೂಡಿದ ಕಲೆ ತಾನಾಗಿ ಅಳಿಯುವುದಿಲ್ಲ.

ಹಾಗೆಂದು ಚಹವನ್ನೇ ತೊರೆಯಬೇಕಾಗಿಲ್ಲ. ಅನೇಕ ಊರುಗಳಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಅಲ್ಲಿಂದ ತಂದ ನೀರನ್ನು ಕುಡಿಯಲು ಮಾತ್ರ ಮೀಸಲಿಟ್ಟು, ಚಹಕ್ಕೂ ಸಾರಿಗೂ ಕೊಳವೆ ಬಾವಿಯ ನೀರನ್ನು ಸುರಿದರೆ ಅರ್ಧ ಪ್ರಯೋಜನವು ನಷ್ಟವಾಗುತ್ತದೆ. ಅಡಿಗೆಗೂ ಚಹಕ್ಕೂ ಶುದ್ಧಪಡಿಸಿದ ನೀರು ಅಥವಾ ಶುಚಿಯಾಗಿ ಹಿಡಿದಿಟ್ಟ ಮಳೆಯ ನೀರೇ ಉತ್ತಮ. ಎಳೆಯ ಮಕ್ಕಳಿಗೆ ಚಹವನ್ನು ಕೊಡದಿರುವುದು ಮೇಲು. ನಮ್ಮ ಊರಿನ ಬಾವಿಯ ನೀರಿನಲ್ಲಿ ಫ್ಲೋರೈಡು ಎಷ್ಟಿದೆಯೆಂಬುದನ್ನು ಪರೀಕ್ಷೆ ಮಾಡಿಸಿ ತಿಳಿದು, ಮನೆಯವರಿಗೂ ತಿಳಿಸುವುದು ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ. ರಸಾಯನಶಾಸ್ತ್ರದ ಪಾಠವು ಪ್ರಯೋಗಶಾಲೆಯಲ್ಲಿ ಮಾತ್ರವಲ್ಲ, ನಮ್ಮ ಸಂಜೆಯ ಬಟ್ಟಲಿನಲ್ಲಿಯೂ ಇದೆ.