ಬಿಲ್ಲಿನ ಕೊನೆಯ ಸಾಲು

ಯುಗಾದಿ ಊಟದ ಪಂಕ್ತಿಯಲ್ಲಿ ಈ ಮಾತು ಪ್ರತಿ ವರ್ಷ ಕಿವಿಗೆ ಬೀಳುತ್ತದೆ. ಟ್ಯಾಕ್ಸ್ ರಿಟರ್ನ್ ಸಲ್ಲಿಸುವ ಕಾಲವೂ ಅದೇ ಆಗಿರುವುದರಿಂದ ಇರಬೇಕು. 'ನಮ್ಮ ಸಂಬಳದಲ್ಲಿ ಇಷ್ಟೊಂದು ಹಿಡಿಯುತ್ತಾರೆ, ದಾಖಲೆ ಇಲ್ಲದೆ ಇರುವವರು ಒಂದು ಕಾಸೂ ಕಟ್ಟುವುದಿಲ್ಲ. ಇನ್‌ಕಮ್ ಟ್ಯಾಕ್ಸ್ ತೆಗೆದು ದೇಶಕ್ಕೆಲ್ಲ ಒಂದೇ ಸೇಲ್ಸ್ ಟ್ಯಾಕ್ಸ್ ಹಾಕಲಿ, ಆಗ ಅವರೂ ಕಟ್ಟಲೇಬೇಕು.' ಕೇಳುವಾಗ ನ್ಯಾಯವೆನಿಸುತ್ತದೆ. ಈ ವರ್ಷ ಅಮೆರಿಕಕ್ಕೆ ಬಂದ ಕುಟುಂಬಗಳು ಅದಕ್ಕೆ ತಲೆಯಾಡಿಸುವ ಮೊದಲು ಕೆಲವು ಸಂಗತಿ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಊರಿನಲ್ಲಿ ಎಂಆರ್‌ಪಿಯೊಳಗೇ ಜಿಎಸ್‌ಟಿ ಸೇರಿರುತ್ತದೆ. ಇಲ್ಲಿ ಚೀಟಿಯ ಮೇಲಿನ ಬೆಲೆಯೇ ಬೇರೆ, ಕೌಂಟರಿನಲ್ಲಿ ಕೊಡುವ ಹಣವೇ ಬೇರೆ. ನಾನು ಬಂದ ಹೊಸದರಲ್ಲಿ 19.99 ಡಾಲರಿನ ಬಾಣಲೆಗೆ 20ರ ನೋಟೊಂದನ್ನೇ ಹಿಡಿದು ಹೋಗಿ, ಬಾಣಲೆಯನ್ನು ಅಲ್ಲೇ ಬಿಟ್ಟು ಬಂದಿದ್ದೆ. ಬಿಲ್ಲಿನ ಕೊನೆಗೆ ಸೇರುವ ಆ ತೆರಿಗೆ ರಾಜ್ಯದ್ದು, ಅದರ ಜೊತೆಗೆ ಎಷ್ಟೋ ಕಡೆ ಕೌಂಟಿಯದ್ದು, ಊರಿನದ್ದು. ಆರೆಗಾನ್, ಮೊಂಟಾನಾ, ಡೆಲವೇರ್, ನ್ಯೂ ಹ್ಯಾಂಪ್‌ಷೈರ್, ಅಲಾಸ್ಕಾ ಈ ಐದು ರಾಜ್ಯಗಳು ಅದನ್ನು ಹಾಕುವುದಿಲ್ಲ. ಕೇಂದ್ರ ಸರ್ಕಾರದ ಮಾರಾಟ ತೆರಿಗೆ ಎಂಬುದು ಈ ದೇಶದಲ್ಲಿ ಇಲ್ಲ.

ಕೌಂಟರಿನಲ್ಲಿ ಕುಳಿತವರು ಯಾರ ವೀಸಾವನ್ನೂ ಕೇಳುವುದಿಲ್ಲ. ದಾಖಲೆ ಇಲ್ಲದವರೂ ಆ ತೆರಿಗೆ ಕೊಟ್ಟೇ ಸಾಮಾನು ತರುತ್ತಾರೆ. ಅವರು ಕೊಡುವ ಬಾಡಿಗೆಯಲ್ಲಿ ಮನೆಯ ಆಸ್ತಿ ತೆರಿಗೆಯ ಪಾಲಿದೆ. ಅವರಲ್ಲಿ ಎಷ್ಟೋ ಜನರ ಕೂಲಿಯಿಂದ ಸೋಷಿಯಲ್ ಸೆಕ್ಯುರಿಟಿ ಹಣವೂ ಕಡಿತವಾಗುತ್ತದೆ, ಮುಪ್ಪಿನಲ್ಲಿ ಆ ಪಿಂಚಣಿ ಅವರ ಕೈಗೆ ಬರುವುದಿಲ್ಲ. ವಾಷಿಂಗ್ಟನ್‌ನ ಐಟಿಇಪಿ ಎಂಬ ತೆರಿಗೆ ಅಧ್ಯಯನ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಅವರು ಕಟ್ಟಿದ ಒಟ್ಟು ತೆರಿಗೆ 9,670 ಕೋಟಿ ಡಾಲರ್. ಅದರಲ್ಲಿ ಸೋಷಿಯಲ್ ಸೆಕ್ಯುರಿಟಿಗೆ ಹೋದದ್ದೇ 2,570 ಕೋಟಿ. ಒಂದು ಕಾಸೂ ಕಟ್ಟುವುದಿಲ್ಲ ಎಂಬ ಮಾತು ಸುಳ್ಳು. ನಗದು ಕೂಲಿ ಪಡೆದು ಆದಾಯ ತೋರಿಸದವರೂ ಇದ್ದಾರೆ, ನಿಜ. ಆದರೆ ಹಾಗೆ ತೋರಿಸದೆ ಇರುವವರಲ್ಲಿ ಪೌರರೂ ಇದ್ದಾರೆ.

ಇನ್ನು ಆ 'ಒಂದೇ ತೆರಿಗೆ'. ಅದರ ಹೆಸರು ಫೇರ್‌ಟ್ಯಾಕ್ಸ್. ಜಾರ್ಜಿಯಾದ ಸಂಸದ ಜಾನ್ ಲಿಂಡರ್ 1999ರಲ್ಲಿ ಈ ಮಸೂದೆಯನ್ನು ಕಾಂಗ್ರೆಸ್ಸಿನಲ್ಲಿ ಮಂಡಿಸಿದರು, ಅದೇ ರಾಜ್ಯದ ಬಡ್ಡಿ ಕಾರ್ಟರ್ 2023ರಲ್ಲೂ 2025ರಲ್ಲೂ ಮತ್ತೆ ತಂದರು. ಆದಾಯ ತೆರಿಗೆ, ಸಂಬಳದ ಕಡಿತ, ಕೇಂದ್ರದ ತೆರಿಗೆ ಇಲಾಖೆಯಾದ ಐಆರ್‌ಎಸ್ ಎಲ್ಲವೂ ಹೋಗಿ ಮಾರಾಟ ತೆರಿಗೆಯೊಂದೇ ಉಳಿಯಬೇಕೆಂಬುದು ಅದರ ಆಶಯ. ದರ ಶೇಕಡಾ 23 ಎನ್ನುತ್ತಾರೆ. ಅದು ನಾವು ಕೊಡುವ 100 ಡಾಲರಿನಲ್ಲಿ 23 ತೆರಿಗೆ ಎಂಬ ಲೆಕ್ಕ. 77 ಡಾಲರಿನ ವಸ್ತುವಿನ ಮೇಲೆ 23 ಎಂದು ಜಿಎಸ್‌ಟಿಯ ರೀತಿಯಲ್ಲಿ ಎಣಿಸಿದರೆ ದರ 30ರ ಹತ್ತಿರ ಬರುತ್ತದೆ. ಮನೆ ಬಾಡಿಗೆಗೂ ಡಾಕ್ಟರ್ ಫೀಸಿಗೂ ಅದು ಅನ್ವಯಿಸುತ್ತದೆ.

ಬಡವರಿಗೆ ಭಾರವಾಗಬಾರದೆಂದು ಮನೆಯ ಜನರ ಲೆಕ್ಕ ನೋಡಿ ತಿಂಗಳಿಗಿಷ್ಟು ಹಣ ಮೊದಲೇ ಕೊಡುತ್ತಾರಂತೆ. ಆ ಲೆಕ್ಕಕ್ಕೆ ಸೇರಲು ಕಾನೂನುಬದ್ಧ ನಿವಾಸಿಯಾಗಿರಬೇಕು, ಸೋಷಿಯಲ್ ಸೆಕ್ಯುರಿಟಿ ನಂಬರೂ ಇರಬೇಕು. ಇಲ್ಲಿ ನಿಂತು ನಿಮ್ಮ ಮನೆಯನ್ನೇ ಎಣಿಸಿ ನೋಡಿ. ಗಂಡ ಎಚ್-1ಬಿ, ಹೆಂಡತಿಗೂ ಮೈಸೂರಿನಲ್ಲಿ ಹುಟ್ಟಿದ ಮಗುವಿಗೂ ಎಚ್-4. ಕೆಲಸದ ಪರ್ಮಿಟ್ ಇಲ್ಲದ ಆಕೆಗೂ ಮಗುವಿಗೂ ಆ ನಂಬರ್ ಸಿಗುವುದಿಲ್ಲ. ತೆರಿಗೆ ಮೂವರ ಊಟಕ್ಕೆ, ಬಟ್ಟೆಗೆ, ಬಾಡಿಗೆಗೆ; ಸರ್ಕಾರ ಕೊಡುವುದು ಒಬ್ಬರ ಲೆಕ್ಕಕ್ಕೆ. ದಾಖಲೆ ಇಲ್ಲದವರನ್ನು ಹಿಡಿಯಲು ಬೀಸಿದ ಬಲೆಯಲ್ಲಿ ನಾವೂ ಬೀಳುತ್ತೇವೆ. ಎಚ್-1ಬಿ ಕೆಲಸ ಹೋದ ಮೇಲೆ ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ ಎಂಬುದನ್ನು ನೆನೆದರೆ, 'ಅವರು' ಎನ್ನುವಾಗ ನಾಲಿಗೆ ಸ್ವಲ್ಪ ತಡೆಯಬೇಕು.

ಮಸೂದೆ ಇದುವರೆಗೆ ಸದನದ ಮತಕ್ಕೇ ಬಂದಿಲ್ಲ, ಗಾಬರಿ ಬೇಡ. ಜಾರಿಯಲ್ಲಿರುವ ಒಂದು ಹೊಸ ತೆರಿಗೆ ಮಾತ್ರ ಗಮನದಲ್ಲಿರಲಿ. 2026ರ ಜನವರಿ 1ರಿಂದ ನಗದು, ಮನಿ ಆರ್ಡರ್ ಅಥವಾ ಕ್ಯಾಷಿಯರ್ಸ್ ಚೆಕ್ ಕೊಟ್ಟು ಊರಿಗೆ ಹಣ ಕಳಿಸಿದರೆ ಶೇಕಡಾ 1 ತೆರಿಗೆ ಬೀಳುತ್ತದೆ. ಅಪ್ಪ ಅಮ್ಮನಿಗೆ ನಿಮ್ಮ ಇಲ್ಲಿನ ಬ್ಯಾಂಕ್ ಖಾತೆಯಿಂದಲೇ ಕಳಿಸಿ, ಅದಕ್ಕೆ ಈ ತೆರಿಗೆ ಇಲ್ಲ.

ಸೋಷಿಯಲ್ ಸೆಕ್ಯುರಿಟಿ ನಂಬರ್ ಸಿಗದ ಎಚ್-4 ಹೆಂಡತಿಯನ್ನು ರಿಟರ್ನಿನಲ್ಲಿ ಸೇರಿಸಲು ಐಟಿನ್ ಬೇಕು. ಅದು 9ರಿಂದ ಶುರುವಾಗುವ ಒಂಬತ್ತು ಅಂಕಿಗಳ ಸಂಖ್ಯೆ, 1996ರಿಂದ ಐಆರ್‌ಎಸ್ ಕೊಡುತ್ತಿದೆ. ದಾಖಲೆ ಇಲ್ಲದ ಲಕ್ಷಾಂತರ ಜನ ರಿಟರ್ನ್ ಸಲ್ಲಿಸುವುದೂ ಇದೇ ಸಂಖ್ಯೆಯಿಂದ. 2025ರ ಏಪ್ರಿಲ್‌ನಲ್ಲಿ ಅವರ ವಿಳಾಸಗಳನ್ನು ವಲಸೆ ಅಧಿಕಾರಿಗಳಿಗೆ ಕೊಡುವ ಒಪ್ಪಂದವಾಯಿತು, ಅದು ಕೋರ್ಟಿನ ಮೆಟ್ಟಿಲನ್ನೂ ಏರಿತು. ತಾವಾಗಿ ಬಂದು ತೆರಿಗೆ ಕಟ್ಟುವವರನ್ನು ಹೀಗೆ ಹೆದರಿಸಿ ದೂರ ಅಟ್ಟುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಐಟಿನ್ ಅರ್ಜಿ ಡಬ್ಲ್ಯೂ-7. ಅದನ್ನು ರಿಟರ್ನ್ ಜೊತೆಗೇ ಕೊಡಬೇಕು, ಗಡುವು ಏಪ್ರಿಲ್ 15. ನೋಟರಿ ಮಾಡಿಸಿದ ಜೆರಾಕ್ಸ್ ನಡೆಯುವುದಿಲ್ಲ. ಹಾಗೆಂದು ಅಸಲಿ ಪಾಸ್‌ಪೋರ್ಟನ್ನು ದಯವಿಟ್ಟು ಅಂಚೆಗೆ ಹಾಕಬೇಡಿ. ಐಆರ್‌ಎಸ್ ಮಾನ್ಯತೆ ಪಡೆದ ಏಜೆಂಟರ ಬಳಿ ಹೋಗಿ ತೋರಿಸಿ, ಅಲ್ಲೇ ಪರಿಶೀಲಿಸಿ ವಾಪಸ್ ಕೊಡುತ್ತಾರೆ.