ಸಕ್ಕರೆಯ ಕೈ ಹಿಡಿದು ಒಳಬರುವ ಉಪ್ಪು

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಭೇದಿ, ಜ್ವರ, ಮಂಡಿನೋವು, ಸಕ್ಕರೆ ಕಾಯಿಲೆ, ರಕ್ತಹೀನತೆ. ಒಂದಕ್ಕೊಂದು ಸಂಬಂಧವಿಲ್ಲ ಅಂದುಕೊಂಡೇ ಉತ್ತರ ಬರೆಯಲು ಕೂತೆ. ಬರೆಯುತ್ತ ಹೋದ ಹಾಗೆ ಐದೂ ಜೀವಕೋಶದ ಬಾಗಿಲಿಗೇ ಬಂದು ನಿಂತವು. ಕೋಶ ತನಗೆ ಬೇಕಾದ ಪ್ರೋಟೀನನ್ನು ಹೇಗೆ ಕಟ್ಟಿಕೊಳ್ಳುತ್ತದೆ, ಸುತ್ತಲಿನ ಪೊರೆ ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ತಡೆಯುತ್ತದೆ ಎಂಬುದು ಪಿಯುಸಿಯಲ್ಲಿ ಉರು ಹೊಡೆದು ಪರೀಕ್ಷೆ ಮುಗಿದ ದಿನವೇ ಮರೆತ ಪಾಠ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂತವರಿಗೆ ಅದು ದಿನಾ ಎದುರಾಗುತ್ತದೆ.

ಪ್ರಶ್ನೆ: ನನ್ನ ಎರಡು ವರ್ಷದ ಮಗಳಿಗೆ ಭೇದಿ ಶುರುವಾದಾಗ ಓಆರ್‌ಎಸ್ ಕುಡಿಸಿ ಅಂದರು. ಸಕ್ಕರೆ ಕೊಟ್ಟರೆ ಭೇದಿ ಜಾಸ್ತಿಯಾಗುತ್ತೆ ಅಂತ ನಮ್ಮತ್ತೆ ಬೇಡವೆಂದರು. ಬರೀ ಕಾಯಿಸಿ ಆರಿಸಿದ ನೀರು ಕೊಟ್ಟೆವು. ಮಗು ಬಾಡಿಹೋಗಿ, ಕಡೆಗೆ ಡ್ರಿಪ್ ಹಾಕಿಸಬೇಕಾಯಿತು. ಉಪ್ಪು ಸಕ್ಕರೆ ನೀರಿನಲ್ಲಿ ಅಂಥದ್ದೇನಿದೆ? – ಗೃಹಿಣಿ, ತಿಪಟೂರು

ನಿಮ್ಮ ಅತ್ತೆಯವರ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಸಣ್ಣ ಕರುಳಿನ ಒಳಗೋಡೆಯ ಕೋಶಗಳಿಗೆ ಎಣ್ಣೆಯಂಥ ಪದಾರ್ಥದ ಪೊರೆ ಇದೆ. ಉಪ್ಪಿನ ಸೋಡಿಯಂ ಆಗಲಿ ಸಕ್ಕರೆಯ ಗ್ಲೂಕೋಸ್ ಆಗಲಿ ತಾನಾಗಿ ಅದನ್ನು ದಾಟಲಾರದು. ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳೇ ಬಾಗಿಲು. ಅದರಲ್ಲಿ ಒಂದು ಬಾಗಿಲಿಗೆ ವಿಚಿತ್ರ ನಿಯಮವಿದೆ: ಎರಡು ಸೋಡಿಯಂ, ಒಂದು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ಅದು ತಿರುಗಿ ಒಳಕ್ಕೆ ಬಿಡುತ್ತದೆ. ಅವು ಒಳಗೆ ಹೋದ ಮೇಲೆ ನೀರು ತಾನಾಗಿ ಹಿಂಬಾಲಿಸುತ್ತದೆ. ಬರೀ ನೀರು ಕುಡಿಸಿದರೆ ಅದನ್ನು ಒಳಗೆ ಎಳೆದುಕೊಳ್ಳುವವರೇ ಇಲ್ಲ. ಕುಡಿದದ್ದರಲ್ಲಿ ಹೆಚ್ಚಿನ ಪಾಲು ಮತ್ತೆ ಭೇದಿಯಾಗಿ ಹೋಗುತ್ತದೆ, ಮೈಯಲ್ಲಿದ್ದ ಉಪ್ಪೂ ಕಡಿಮೆಯಾಗುತ್ತದೆ. ನಿಮ್ಮ ಮಗುವಿಗೆ ಆದದ್ದು ಅದೇ.

ಕಾಲರಾದಂಥ ಕಾಯಿಲೆಯಲ್ಲಿ ರೋಗಾಣುವಿನ ವಿಷ ಕರುಳಿನ ಕೋಶದಿಂದ ಉಪ್ಪು ಹೊರಗೆ ಹೋಗುವ ಬಾಗಿಲನ್ನು ತೆರೆದಿಟ್ಟುಬಿಡುತ್ತದೆ. ಲೀಟರುಗಟ್ಟಲೆ ನೀರು ಅದರ ಹಿಂದೆ ಹರಿದುಹೋಗುತ್ತದೆ. ಆದರೆ ಉಪ್ಪು, ಸಕ್ಕರೆ ಜೋಡಿಯಾಗಿ ಒಳಬರುವ ಆ ಇನ್ನೊಂದು ಬಾಗಿಲನ್ನು ವಿಷ ಮುಟ್ಟುವುದಿಲ್ಲ. ನಮ್ಮ ಪುಣ್ಯ. ಜೋಡಿ ಬಾಗಿಲಿನ ವಿಚಾರವನ್ನು 1960ರಲ್ಲಿ ಮುಂದಿಟ್ಟವರು ಅಮೆರಿಕದ ರಾಬರ್ಟ್ ಕ್ರೇನ್. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು. ಆಗ ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್ ಮತ್ತು ಸೋಡಾ ಬೆರೆಸಿದ ಪೊಟ್ಟಣಗಳನ್ನು ಮಾಡಿಸಿ, ಡ್ರಮ್ಮುಗಳಲ್ಲಿ ಕಲಸಿ, ರೋಗಿಯ ಕಡೆಯವರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 2022ರಲ್ಲಿ ಅವರು ತೀರಿಕೊಂಡ ಮೇಲೆ ಪದ್ಮವಿಭೂಷಣ ಬಂತು. ತಡವಾಯಿತು ಅನ್ನುವುದು ನನ್ನ ಅಭಿಪ್ರಾಯ.

ಈಗ ಅತ್ತೆಯವರ ಮಾತು. ಸಕ್ಕರೆ ಹೆಚ್ಚಾದರೆ ಅದು ಕರುಳಿನಲ್ಲೇ ಉಳಿದು ಮೈಯಿಂದ ನೀರನ್ನು ಎಳೆಯುತ್ತದೆ, ಭೇದಿ ಜಾಸ್ತಿಯಾಗುತ್ತದೆ. ಸಿಹಿ ಜ್ಯೂಸು, ಬಾಟಲಿ ಪಾನೀಯ ಕೊಟ್ಟಾಗ ಆಗುವುದು ಇದೇ. ಆದ್ದರಿಂದ ಅಳತೆ ಮುಖ್ಯ. ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಪೂರ್ತಿ ಒಂದು ಲೀಟರಿಗೇ ಹಾಕಿ, ಅರ್ಧ ಪೊಟ್ಟಣ ಒಂದು ಲೋಟಕ್ಕೆ ಎಂಬ ಅಂದಾಜು ಬೇಡ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಮೇಲ್ಭಾಗವನ್ನು ಸವರಿ ಮಟ್ಟಸ ಮಾಡಿ. ಉಪ್ಪು ಹಾಕಿದ ತೆಳು ಗಂಜಿಯೂ ಆದೀತು, ಅಕ್ಕಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸೇ ಆಗುತ್ತದೆ. ಎಳನೀರಿನಲ್ಲಿ ಸೋಡಿಯಂ ಕಡಿಮೆ. ತಿಪಟೂರಿನವರಿಗೆ ಹೀಗೆ ಹೇಳಲು ಸಂಕೋಚವೇ, ಆದರೂ ಅದೊಂದನ್ನೇ ನಂಬಬೇಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ., ಚಮಚ ಚಮಚವಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರುಮಾಡಿ. ವೈದ್ಯರು ಬರೆದ ಸತುವಿನ ಮಾತ್ರೆಯನ್ನು ಭೇದಿ ನಿಂತಿತೆಂದು ನಿಲ್ಲಿಸಬೇಡಿ, ಹದಿನಾಲ್ಕು ದಿನ ಕೊಡಿ. ಮಗು ಕಣ್ಣು ಗುಳಿಬಿದ್ದು ಮಂಕಾದರೆ, ಉಚ್ಚೆ ನಿಂತರೆ, ಕುಡಿಯಲೂ ಆಗದಿದ್ದರೆ ಮನೆಯಲ್ಲಿ ಕಾಯುವ ಮಾತೇ ಇಲ್ಲ.

ಪ್ರಶ್ನೆ: ಹೋದ ಮಳೆಗಾಲದಲ್ಲಿ ಗದ್ದೆ ಕೆಲಸ ಮಾಡಿ ಇಲಿ ಜ್ವರ ಬಂದಿತ್ತು. ಡಾಕ್ಟರು ಡಾಕ್ಸಿಸೈಕ್ಲಿನ್ ಕೊಟ್ಟರು, ಬೇಗ ಬಿಟ್ಟಿತು. ಈ ವರ್ಷ ಡೆಂಗಿ ಬಂತು. ಅದೇ ಡಾಕ್ಟರು ಪ್ಯಾರಾಸಿಟಮಾಲ್ ಬಿಟ್ಟು ಏನೂ ಕೊಡಲಿಲ್ಲ. ಅದೇ ಮಾತ್ರೆ ಮನೆಯಲ್ಲಿ ಉಳಿದಿತ್ತು, ನುಂಗಿದ್ದರೆ ಬೇಗ ವಾಸಿಯಾಗುತ್ತಿತ್ತೇನೋ? – ಕೃಷಿಕ, ಸಾಗರ

ಆಗುತ್ತಿರಲಿಲ್ಲ. ನಿಮ್ಮ ಡಾಕ್ಟರು ಎರಡು ಸಲವೂ ಸರಿಯಾಗಿಯೇ ಮಾಡಿದ್ದಾರೆ.

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಯಾವ ಮಣಿಯಾದ ಮೇಲೆ ಯಾವುದು ಎಂಬುದು ಡಿಎನ್‌ಎಯಲ್ಲಿ ಬರೆದಿದೆ. ಅದರ ನಕಲು, ಅಂದರೆ ಆರ್‌ಎನ್‌ಎ, ರೈಬೋಸೋಮ್ ಎಂಬ ಯಂತ್ರಕ್ಕೆ ಬರುತ್ತದೆ. ಯಂತ್ರ ಮೂರು ಮೂರು ಅಕ್ಷರ ಓದಿ ಒಂದೊಂದೇ ಮಣಿ ಸೇರಿಸುತ್ತ ಹೋಗುತ್ತದೆ. ಬ್ಯಾಕ್ಟೀರಿಯಾದ ರೈಬೋಸೋಮ್ ಒಂದು ಸೆಕೆಂಡಿಗೆ ಇಪ್ಪತ್ತರಷ್ಟು ಮಣಿ ಪೋಣಿಸಬಲ್ಲದು. ಹೂಕಟ್ಟುವ ಅಜ್ಜಿಯ ಬೆರಳೂ ಅದರ ಮುಂದೆ ನಿಧಾನ. ಇಲಿ ಜ್ವರದ ಬ್ಯಾಕ್ಟೀರಿಯಾಕ್ಕೂ ಇಂಥ ಯಂತ್ರವಿದೆ, ನಮಗೂ ಇದೆ, ಆದರೆ ರಚನೆ ಬೇರೆ. ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯಾದ ಯಂತ್ರದ ಒಂದು ಸಂದಿಯಲ್ಲಿ ಕೂತು, ಹೊಸ ಮಣಿ ತರುವ ಕೂಲಿಯಾಳು ಒಳಬರದಂತೆ ತಡೆಯುತ್ತದೆ. ಪ್ರೋಟೀನ್ ಇಲ್ಲದೆ ರೋಗಾಣುವಿನ ಬೆಳವಣಿಗೆ ನಿಂತುಹೋಗುತ್ತದೆ. ಆ ಸಂದಿ ಎಲ್ಲಿದೆ, ಔಷಧ ಹೇಗೆ ಕೂರುತ್ತದೆ ಎಂಬುದನ್ನು ಅಣು ಅಣುವಾಗಿ ಬಿಡಿಸಿ ತೋರಿಸಿದವರಲ್ಲಿ ಚಿದಂಬರದಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಒಬ್ಬರು. 2009ರ ರಸಾಯನಶಾಸ್ತ್ರದ ನೊಬೆಲ್ ಅವರಿಗೂ ಥಾಮಸ್ ಸ್ಟೈಟ್ಸ್, ಅದಾ ಯೋನತ್ ಅವರಿಗೂ ಬಂತು.

ಡೆಂಗಿ ವೈರಸ್ಸಿಗೆ ರೈಬೋಸೋಮೇ ಇಲ್ಲ. ಅದು ಬರೀ ಆರ್‌ಎನ್‌ಎಯ ಚೀಟಿ ಹಿಡಿದುಕೊಂಡು ಬಂದು, ನಮ್ಮ ಕೋಶದ ಯಂತ್ರದಲ್ಲೇ ತನ್ನ ಪ್ರೋಟೀನ್ ಮಾಡಿಸಿಕೊಳ್ಳುತ್ತದೆ. ನಿಮ್ಮ ಮಾತ್ರೆಗೆ ಅಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯದೂ ಇದೇ ಕಥೆ, ಅದೂ ವೈರಸ್. ಡೆಂಗಿಯಲ್ಲಿ ಬೇಕಾದದ್ದು ದ್ರವ, ವಿಶ್ರಾಂತಿ, ರಕ್ತ ಪರೀಕ್ಷೆಯ ಮೇಲೆ ಕಣ್ಣು. ಮೈಕೈ ನೋವಿಗೆಂದು ಐಬುಪ್ರೊಫೆನ್, ಆಸ್ಪಿರಿನ್ ಮಾತ್ರ ನುಂಗಬೇಡಿ, ರಕ್ತಸ್ರಾವ ಹೆಚ್ಚಬಹುದು. ಉಳಿದ ಮಾತ್ರೆಯನ್ನು ಡಬ್ಬಿಯಲ್ಲಿ ಕಾಯ್ದಿಡುವ ಅಭ್ಯಾಸವನ್ನೂ ಬಿಡಿ.

ಪ್ರಶ್ನೆ: ವಯಸ್ಸು 58. ಮಂಡಿ ಸವೆತಕ್ಕೆ ಕೊಲಾಜೆನ್ ಪುಡಿ ತೆಗೆದುಕೊಳ್ಳಿ ಎಂದು ಗೆಳತಿಯರು ಹೇಳುತ್ತಾರೆ. ಡಬ್ಬಿಗೆ ಸಾವಿರಾರು ರೂಪಾಯಿ. ತೆಗೆದುಕೊಳ್ಳಲೇ? – ನಿವೃತ್ತ ಬ್ಯಾಂಕ್ ಉದ್ಯೋಗಿ, ಬೆಂಗಳೂರು

ನನ್ನನ್ನು ಕೇಳಿದರೆ ಬೇಡ. ಕೊಲಾಜೆನ್ ಒಂದು ಪ್ರೋಟೀನ್. ಹೊಟ್ಟೆ, ಕರುಳು ಸೇರಿದ ಮೇಲೆ ಆ ಸರ ಹರಿದು ಬಿಡಿ ಮಣಿಗಳೋ ಎರಡು ಮೂರು ಮಣಿಯ ತುಂಡುಗಳೋ ಆಗುತ್ತದೆ, ಆಮೇಲೆಯೇ ಕರುಳಿನ ಪೊರೆ ದಾಟುತ್ತದೆ. ರಕ್ತಕ್ಕೆ ಬಂದ ಮಣಿಯ ಮೇಲೆ 'ಮಂಡಿಗೆ' ಎಂಬ ವಿಳಾಸ ಬರೆದಿರುವುದಿಲ್ಲ. ತೊವ್ವೆಯಿಂದ ಬಂದ ಮಣಿಯೊಂದಿಗೆ ಅದೂ ಬೆರೆತು, ಯಾವ ಕೋಶಕ್ಕೆ ಬೇಕೋ ಅದು ಎತ್ತಿಕೊಳ್ಳುತ್ತದೆ. ಈ ಪುಡಿಯಿಂದ ನೋವು ಸ್ವಲ್ಪ ತಗ್ಗಿತೆಂಬ ಸಣ್ಣ ಅಧ್ಯಯನಗಳಿವೆ, ಆದರೆ ಆ ಬೆಲೆ ತೆತ್ತು ಕೊಳ್ಳಿ ಎನ್ನುವಷ್ಟು ಗಟ್ಟಿ ಆಧಾರವಲ್ಲ.

ನಿಮ್ಮ ಕೋಶ ತಾನೇ ಕೊಲಾಜೆನ್ ಹೆಣೆಯುವಾಗ ವಿಟಮಿನ್ ಸಿ ಬೇಕು, ಇಲ್ಲದಿದ್ದರೆ ಹೆಣಿಗೆ ಗಟ್ಟಿಯಾಗುವುದಿಲ್ಲ. ನೆಲ್ಲಿಕಾಯಿ, ಸೀಬೆಹಣ್ಣು ಸಾಕು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಇರಲಿ ಎಂಬುದು ನಮ್ಮ ದೇಶದ ಶಿಫಾರಸು. ಅಕ್ಕಿ ರಾಗಿಯಲ್ಲಿ ಕೊರತೆಯಿರುವ ಲೈಸಿನ್ ಎಂಬ ಮಣಿ ಬೇಳೆಯಲ್ಲಿದೆ, ಬೇಳೆಯ ಕೊರತೆಯನ್ನು ಧಾನ್ಯ ತುಂಬುತ್ತದೆ. ಹುರುಳಿಕಾಳಿನ ಸಾರಿನ ಜೊತೆ ಮುದ್ದೆ ಉಂಡವರಿಗೆ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಉಳಿದ ದುಡ್ಡನ್ನು ಫಿಸಿಯೋಥೆರಪಿಗೆ ಹಾಕಿ, ತೊಡೆಯ ಸ್ನಾಯು ಬಲವಾದರೆ ಮಂಡಿಗೆ ನಿಜಕ್ಕೂ ಆರಾಮ.

ಪ್ರಶ್ನೆ: ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಐತ್ರಿ. ಎರಡು ತಿಂಗಳ ಹಿಂದ ಡಪಾಗ್ಲಿಫ್ಲೋಜಿನ್ ಗುಳಿಗಿ ಶುರು ಮಾಡ್ಯಾರ. ಮೊನ್ನೆ ಮೂತ್ರ ಪರೀಕ್ಷೆಯೊಳಗ ಸಕ್ಕರೆ ಮೂರು ಪ್ಲಸ್ ಬಂತು. ಗಾಬರಿ ಆಗಿ ಗುಳಿಗಿ ನಿಲ್ಲಿಸೇನಿ. ತಪ್ಪಾತೇನ್ರಿ? – ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಗಾಬರಿಯಾದದ್ದು ಸಹಜ ಗುರುಗಳೇ. ಕೇಳದೆ ನಿಲ್ಲಿಸಿದ್ದು ತಪ್ಪು. ಮೂತ್ರದಲ್ಲಿ ಸಕ್ಕರೆ ಕಂಡಿತೆಂದರೆ ಆ ಗುಳಿಗೆ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಮೂತ್ರಪಿಂಡ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತದೆ. ಅದರೊಂದಿಗೆ ಸೋಸಿಹೋದ ಗ್ಲೂಕೋಸನ್ನು ಮತ್ತೆ ರಕ್ತಕ್ಕೆ ಹೆಕ್ಕಿಕೊಳ್ಳುವ ಬಾಗಿಲುಗಳು ಅಲ್ಲಿನ ಕೋಶಗಳಲ್ಲಿವೆ. ತಿಪಟೂರಿನ ತಾಯಿಗೆ ಹೇಳಿದೆನಲ್ಲ, ಆ ಕರುಳಿನ ಬಾಗಿಲಿನ ಅಣ್ಣತಮ್ಮಂದಿರೇ ಇವು. ಇಲ್ಲಿಯೂ ಗ್ಲೂಕೋಸ್ ಬರುವುದು ಸೋಡಿಯಂ ಜೊತೆಗೇ. ನಿಮ್ಮ ಗುಳಿಗೆ ಮೂತ್ರಪಿಂಡದ ಬಾಗಿಲಿಗೆ ಅಗುಳಿ ಹಾಕುತ್ತದೆ, ಸಕ್ಕರೆ ಮೂತ್ರದಲ್ಲಿ ಹೊರಟುಹೋಗುತ್ತದೆ. ಸೇಬಿನ ಮರದ ಬೇರಿನ ತೊಗಟೆಯಿಂದ 1835ರಲ್ಲಿ ತೆಗೆದ ಫ್ಲೋರಿಜಿನ್ ಎಂಬ ಕಹಿ ವಸ್ತುವೇ ಈ ಔಷಧಗಳ ಮೂಲ ಪುರುಷ. ಹೃದಯ, ಮೂತ್ರಪಿಂಡ ಎರಡಕ್ಕೂ ಇವು ಒಳ್ಳೆಯದು ಮಾಡುತ್ತವೆ ಎಂಬುದೂ ಈಚೆಗೆ ಖಚಿತವಾಗಿದೆ.

ಸಕ್ಕರೆ ಹೋಗುವ ದಾರಿಯಲ್ಲಿ ಬೂಸಲು ಬೆಳೆದು ಜನನಾಂಗದಲ್ಲಿ ತುರಿಕೆ ಬರಬಹುದು, ಮೂತ್ರವಾದ ಮೇಲೆ ನೀರಿನಿಂದ ತೊಳೆದುಕೊಳ್ಳಿ. ಏಕಾದಶಿಯ ನಿರಾಹಾರ ಮಾಡುವವರಾದರೆ ಡಾಕ್ಟರಿಗೆ ಮೊದಲೇ ಹೇಳಿ. ಉಪವಾಸ, ವಾಂತಿಭೇದಿ, ಶಸ್ತ್ರಚಿಕಿತ್ಸೆ ಇದ್ದಾಗ ಈ ಗುಳಿಗೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ಹೆಚ್ಚಿಲ್ಲದಿದ್ದರೂ ಆಮ್ಲ ಏರಿ ವಾಂತಿ, ಹೊಟ್ಟೆನೋವು, ಏದುಸಿರು ಬರುವ ಅಪಾಯವಿದೆ. ಅಂಥ ಲಕ್ಷಣ ಕಂಡರೆ 'ಶುಗರ್ ನಾರ್ಮಲ್ ಐತಿ' ಎಂದು ಸುಮ್ಮನೆ ಕೂರಬೇಡಿ. ಊಟವಾದ ಮೇಲೆ ಸ್ವಲ್ಪ ಅಡ್ಡಾಡಿ. ನಡೆಯುವಾಗ ಸ್ನಾಯುವಿನ ಕೋಶಗಳು ಇನ್ಸುಲಿನ್ನಿನ ಹಂಗಿಲ್ಲದೆಯೂ ತಮ್ಮ ಗ್ಲೂಕೋಸ್ ಬಾಗಿಲನ್ನು ಪೊರೆಗೆ ತಂದು ನಿಲ್ಲಿಸುತ್ತವೆ.

ಪ್ರಶ್ನೆ: ನಮ್ಮ ಹಾಡಿಯ ಒಂಬತ್ತು ವರ್ಷದ ಹುಡುಗನಿಗೆ ಆಗಾಗ ಕೈಕಾಲು ನೋವು, ಕಣ್ಣು ಹಳದಿ. ಕಬ್ಬಿಣದ ಮಾತ್ರೆ ಕೊಟ್ಟರೂ ರಕ್ತ ಏರುತ್ತಿರಲಿಲ್ಲ. ಈಗ ಪರೀಕ್ಷೆ ಮಾಡಿ ಸಿಕಲ್ ಸೆಲ್ ಎಂದಿದ್ದಾರೆ. ಜನ ಶಾಪ ಅಂತಾರೆ, ಅಂಟುತ್ತೆ ಅಂತಾನೂ ಅಂತಾರೆ. ಏನು ಹೇಳಲಿ? – ಆಶಾ ಕಾರ್ಯಕರ್ತೆ, ಎಚ್.ಡಿ. ಕೋಟೆ

ಮೊದಲು ನಿಮಗೆ ನಮಸ್ಕಾರ. ಕಬ್ಬಿಣಕ್ಕೆ ಏರದ ರಕ್ತಹೀನತೆಯನ್ನು ಗಮನಿಸಿ ಬರೆದಿದ್ದೀರಲ್ಲ, ಅದೇ ದೊಡ್ಡದು.

ಇದು ಅಂಟುವುದಿಲ್ಲ, ಶಾಪವೂ ಅಲ್ಲ. ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ನಲ್ಲಿ ಬೀಟಾ ಎಂಬ ಸರ ಇದೆ, ಅದರಲ್ಲಿ 146 ಮಣಿ. ಆರನೆಯದು ಗ್ಲುಟಾಮಿಕ್ ಆಮ್ಲ ಆಗಿರಬೇಕಾದ ಕಡೆ ವೇಲಿನ್ ಕೂತಿದೆ. ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿದ್ದರ ಫಲ. ವೇಲಿನ್ ನೀರಿಗೆ ಬೆನ್ನು ತಿರುಗಿಸುವ ಜಾತಿ. ಆಮ್ಲಜನಕ ಕಡಿಮೆಯಾದ ಕೂಡಲೇ ಒಂದು ಹಿಮೋಗ್ಲೋಬಿನ್ ಇನ್ನೊಂದಕ್ಕೆ ಅಂಟಿ ಉದ್ದುದ್ದ ಕಡ್ಡಿಗಳಾಗುತ್ತವೆ, ದುಂಡಗಿನ ಕಣ ಕುಡುಗೋಲಿನಂತೆ ಬಾಗುತ್ತದೆ. 120 ದಿನ ಬಾಳಬೇಕಾದ ಕಣ ಹತ್ತಿಪ್ಪತ್ತು ದಿನಕ್ಕೆ ಒಡೆಯುತ್ತದೆ, ಅದಕ್ಕೇ ಕಣ್ಣು ಹಳದಿ. ಬಾಗಿದ ಕಣಗಳು ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡಾಗ ಆ ನೋವು. ಹುಡುಗ ನಾಟಕವಾಡುತ್ತಿಲ್ಲ ಎಂದು ಅವನ ಮೇಷ್ಟ್ರಿಗೂ ಹೇಳಿ.

ಬಾಗಿದ ಕಣದ ಪೊರೆಯೂ ಹಾಳಾಗಿ, ಪೊಟ್ಯಾಸಿಯಂ ಸೋರುತ್ತದೆ, ಹಿಂದೆಯೇ ನೀರು. ಒಣಗಿದ ಕಣ ಇನ್ನಷ್ಟು ಬಾಗುತ್ತದೆ. ಆದ್ದರಿಂದ ಅವನು ಬಾಯಾರಿಕೆಗೆ ಕಾಯದೆ ನೀರು ಕುಡಿಯುತ್ತಿರಬೇಕು, ಚಳಿಯಲ್ಲಿ ಮೈ ಬೆಚ್ಚಗಿರಬೇಕು. ಜ್ವರ, ಎದೆನೋವು, ಉಸಿರಾಟದ ತೊಂದರೆ ಬಂದರೆ ಅವತ್ತೇ ಆಸ್ಪತ್ರೆಗೆ. ಹೈಡ್ರಾಕ್ಸಿಯೂರಿಯಾ ಎಂಬ ಔಷಧ, ಮಗು ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಮತ್ತೆ ತಯಾರಾಗುವಂತೆ ಮಾಡಿ ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆ. ವೈದ್ಯರು ರಕ್ತ ಪರೀಕ್ಷೆ ಮಾಡುತ್ತ ಅದನ್ನು ಕೊಡುತ್ತಾರೆ. ಅವರು ಹೇಳದೆ ಕಬ್ಬಿಣದ ಮಾತ್ರೆ ಮುಂದುವರಿಸಬೇಡಿ.

ಭಾರತದಲ್ಲಿ ಈ ಕಣವನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಿಮ್ಮ ಕಾಡಿಗೆ ಹೆಚ್ಚು ದೂರವಲ್ಲದ ನೀಲಗಿರಿಯಲ್ಲಿ. ಮೈಸೂರು, ಚಾಮರಾಜನಗರ, ಕೊಡಗಿನ ಹಾಡಿಗಳಲ್ಲೂ ಇದೆ. ಅಪ್ಪ ಅಮ್ಮ ಇಬ್ಬರಿಂದಲೂ ಬದಲಾದ ಅಕ್ಷರ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದವರು ವಾಹಕರು, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ಮಲೇರಿಯಾ ಅವರನ್ನು ಅಷ್ಟಾಗಿ ಕಾಡುವುದಿಲ್ಲ ಕೂಡ. ಕಾಡಿನ ನಾಡುಗಳಲ್ಲಿ ಇದು ಉಳಿದು ಬಂದದ್ದೂ ಅದಕ್ಕೇ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಾಧ್ಯತೆ. 2023ರ ಜುಲೈಯಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ ನಲವತ್ತು ವರ್ಷದೊಳಗಿನವರಿಗೆ ಪರೀಕ್ಷೆ ಉಚಿತ. ಆ ಹುಡುಗನ ಅಣ್ಣ, ಅಕ್ಕ, ತಂಗಿಯರಿಗೂ ಮಾಡಿಸಿ. ಹಾಡಿಯಲ್ಲಿ ಮದುವೆ ಮಾತು ಶುರುವಾಗುವ ಮೊದಲೇ ಹುಡುಗ ಹುಡುಗಿ ಇಬ್ಬರ ಪರೀಕ್ಷೆಯ ಕಾರ್ಡೂ ನಿಮ್ಮ ಕೈಗೆ ಬರುವಂತೆ ನೋಡಿಕೊಳ್ಳಿ.

ಪತ್ರ ಬರೆಯುವವರು ವಯಸ್ಸು, ತೂಕ, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು ಮತ್ತು ಪ್ರಮಾಣ ತಪ್ಪದೆ ಬರೆಯಿರಿ. 'ಬಿಳಿ ಮಾತ್ರೆ, ನಡುವೆ ಗೆರೆ ಇದೆ' ಎಂದು ಬಂದ ಮೂರು ಪತ್ರಗಳಿಗೆ ಈ ಸಲ ಉತ್ತರಿಸಲು ಆಗಿಲ್ಲ.